ನವಿಲು ನುಂಗಿದ ಕಂಪ್ಯೂಟರು

ಅಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಸತೀಶ್ ಒಂದು ಘೋಷಣೆ ಹೊರಡಿಸಿದ. ಇನ್ನು ಮುಂದೆ ಈ ಮನೆಯ ಕಂಪ್ಯೂಟರಿಗೆ ನೆಗಡಿಯೇ ಬರಲಿ, ಲಕ್ವವೇ ಹೊಡೆಯಲಿ, ಹೊರಗಿನ ಮೆಕ್ಯಾನಿಕ್ ಒಬ್ಬನೂ ಹೊಸಿಲು ದಾಟಕೂಡದು! ಯಂತ್ರವೂ ತನ್ನದು, ವೈದ್ಯನೂ ತಾನೇ. ಹೆಂಡತಿ ಕುಸುಮ "ಆಯ್ತು" ಎಂದಳು. ಅವಳು ಇಷ್ಟು ಬೇಗ ಒಪ್ಪಿಬಿಟ್ಟದ್ದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗ್ರಾಫ್ ಹಾಳೆ ಬಿಟ್ಟು ಕಂಪ್ಯೂಟರಿನಲ್ಲೇ ಸೀರೆಯ ಡಿಸೈನ್ ಬಿಡಿಸತೊಡಗಿದವರಲ್ಲಿ ಸತೀಶನೂ ಒಬ್ಬ. ಅವನನ್ನೇ ಕೇಳಿದರೆ, ಒಬ್ಬನೇ ಒಬ್ಬ. ಈಗ ಯಳಂದೂರಿನ ಕಾಲೇಜಿನಲ್ಲಿ ಪಾಠ ಮಾಡುವ ಶ್ವೇತಾ ಮೇಡಂ ಒಂದು ಕಪ್ಪು ರೇಷ್ಮೆ ಸೀರೆ ಕೇಳಿದ್ದರು. ಡಿಸೈನ್ ಒಪ್ಪಿಗೆಯಾದರೆ ಅವರ ಸ್ಟಾಫ್ ರೂಮಿನ ಹೆಂಗಸರಿಗೆಲ್ಲ ಅದೇ ಸೀರೆ! ಮಗ್ಗವೋ, ಬಹಳ ದಿನದಿಂದ ಕೆಲಸವಿಲ್ಲದೆ ನಿಂತಿತ್ತು. ಈ ಆರ್ಡರೂ ಕೈತಪ್ಪಿದರೆ ಅದರ ಮೇಲೆ ಒದ್ದೆ ಬಟ್ಟೆ ಒಣಹಾಕುವುದೊಂದೇ ಬಾಕಿ. ಹಾಗಾಗಿ ಸತೀಶ್ ವಾರವೆಲ್ಲ ಬೆನ್ನು ಬಗ್ಗಿಸಿ ಕುಳಿತು, ಕರಿಯ ಒಡಲಿಗೆ ಅಂಚಿನುದ್ದಕ್ಕೂ ಜರಿಯ ನವಿಲು ಬಿಡಿಸಿದ್ದ. ಸೆರಗಿನಲ್ಲಿ ಗರಿಗೆದರಿದ ದೊಡ್ಡ ನವಿಲು, ಅದರ ಪಕ್ಕ ಮರಿ, ಮರಿಯ ಕೊಕ್ಕಿನಲ್ಲಿ ಹೂವು. ಮೇಡಂ ಮಧ್ಯಾಹ್ನ ಅದನ್ನು ನೋಡಲು ಬರುವವರಿದ್ದರು.

ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ನೋಡುತ್ತಾನೆ, ಪರದೆಯ ಮೇಲೆ ಏನೂ ಇಲ್ಲ! ನವಿಲಿಲ್ಲ, ಮರಿಯಿಲ್ಲ, ಹೂವಿಲ್ಲ. ಬರೀ ಕಗ್ಗತ್ತಲೆ. ಸಿಪಿಯು ಗುಂಯ್ ಎನ್ನುತ್ತಿದೆ, ಮಾನಿಟರಿನ ದೀಪ ಉರಿಯುತ್ತಿದೆ, ಮೌಸ್ ಹಿಡಿದು ಎಷ್ಟು ಉಜ್ಜಾಡಿದರೂ ಬಾಣದ ಗುರುತೂ ಪತ್ತೆಯಿಲ್ಲ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಮತ್ತೆ" ಎಂದಳು ಕುಸುಮ.

"ಮುಟ್ಬೇಡ. ಸೇವ್ ಮಾಡಿಲ್ಲ."

"ವಾರದಿಂದ್ಲೂವಾ?"

"ಒಂದು ಗರಿ ಬಾಕಿ ಇತ್ತು ಕಣೇ. ಪೂರ್ತಿ ಮುಗಿಸಿ ಒಟ್ಟಿಗೇ ಮಾಡವಾ ಅಂತಿದ್ದೆ."

ಕುಸುಮ ಹಣೆ ಚಚ್ಚಿಕೊಂಡಳು. ತಕ್ಷಣವೇ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಕಂಪ್ಯೂಟರ್ ಆಫ್ ಮಾಡಕೂಡದು, ಕೀಬೋರ್ಡಿನ ಒಂದು ಕೀಲಿಯನ್ನೂ ಒತ್ತಕೂಡದು. ವೋಲ್ಟೇಜ್ ಇಳಿದರೆ ನವಿಲುಗಳ ಪ್ರಾಣಕ್ಕೇ ಸಂಚಕಾರ, ಆದ್ದರಿಂದ ಫ್ಯಾನ್ ಬಂದ್, ಲೈಟ್ ಬಂದ್, ಮಿಕ್ಸಿಯಂತೂ ಬಿಲ್‌ಕುಲ್ ಬಂದ್! ಮೇಡಂಗೆ ಬೋಂಡಾ ಮಾಡಲು ಹೊರಟಿದ್ದ ಕುಸುಮ ಚಟ್ನಿಯನ್ನು ಒರಳಿನಲ್ಲಿ ರುಬ್ಬಬೇಕಾಯಿತು. ರುಬ್ಬುವ ಸದ್ದಿನಲ್ಲೇ ಗಂಡನ ಬಗೆಗಿನ ಅವಳ ಅಭಿಪ್ರಾಯ ಬೀದಿಗೆಲ್ಲ ಕೇಳಿಸುತ್ತಿತ್ತು.

ಇತ್ತ ವೈದ್ಯರು ಚಿಕಿತ್ಸೆ ಆರಂಭಿಸಿದರು. ಮಾನಿಟರಿನ ವೈರು ಕಿತ್ತದ್ದೇ ತಡ, ಪರದೆಯ ಮೇಲೆ "ನೋ ಸಿಗ್ನಲ್" ಎಂಬ ಅಕ್ಷರ ತೇಲಿ ಬಂತು. ಸತೀಶನಿಗೆ ಕುಣಿಯುವಷ್ಟು ಖುಷಿ! ವೈರು ಸಿಕ್ಕಿಸಿದ, ಮತ್ತೆ ಕತ್ತಲೆ. ಕಿತ್ತ, ಅಕ್ಷರ. ವೈರು ಇಲ್ಲದಾಗ ಬಾಯಿಬಿಡುವ ಮಾನಿಟರು ವೈರು ಹಾಕಿದರೆ ಮೂಗಾಗುತ್ತದೆ ಎಂದರೆ ರೋಗ ವೈರಿನದೇ! ಈ ಮಹಾ ಸಂಶೋಧನೆಯನ್ನು ತಲೆಯಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬೈಕ್ ಓಡಿಸಿ ಹೊಸ ವೈರು ತಂದ. ಹೊಸ ವೈರಿನಲ್ಲಿ ಕತ್ತಲೆ ಇನ್ನೂ ಸ್ವಚ್ಛವಾಗಿ ಬಂತು.

ಹಾಗಾದರೆ ಮಾನಿಟರೇ ಸತ್ತಿದೆ. ಪಕ್ಕದ ಮನೆಯ ಪುಟ್ಟಬಸಮ್ಮ ಧಾರಾವಾಹಿಯಲ್ಲಿ ಮುಳುಗಿದ್ದಾಗಲೇ ಅವರ ಟೀವಿಯನ್ನು ಎತ್ತಿಕೊಂಡು ಬಂದ. ಅಳುತ್ತಿದ್ದ ಸೊಸೆಯನ್ನು ಅರ್ಧಕ್ಕೇ ಕಳೆದುಕೊಂಡ ಪುಟ್ಟಬಸಮ್ಮ ರಿಮೋಟ್ ಕೈಯಲ್ಲಿ ಹಿಡಿದು ಹಿಂದೆಯೇ ಬಂದರು. ಟೀವಿಯನ್ನು ಮಗ್ಗದ ಪಕ್ಕದ ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದರೆ, ಅದೂ ಕರ್ರಗಾಯಿತು!

"ಇದೇನಪ್ಪಾ ಸತೀಶ, ನಮ್ ಟೀವೀನೂ ಸುಟ್ಟಾಕ್ಬುಟ್ಯಲ್ಲಾ" ಎಂದು ಪುಟ್ಟಬಸಮ್ಮ ಅಲ್ಲೇ ಕುಳಿತುಬಿಟ್ಟರು. ಇದು ವೈರಿನಲ್ಲಿ ಹರಡುವ ಅಂಟುರೋಗವೆಂದು ಸತೀಶ್ ಅವರಿಗೆ ವಿವರಿಸಿದ. ಅದರಿಂದ ಅವರಿಗೇನೂ ಸಮಾಧಾನವಾಗಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಸತೀಶನ ತಾಯಿ ದೇವೀರಮ್ಮ ತಮ್ಮ ರೋಗನಿದಾನ ಮುಂದಿಟ್ಟರು.

"ಮನೇಲಿ ಕರಿ ಸೀರೆ ಬ್ಯಾಡ ಕಣ್ಲಾ ಅಂತ ಬಡ್ಕೊಂಡೆ. ಈಗ ನೋಡು, ಪೆಟ್ಗೆ ಪೆಟ್ಗೆನೇ ಕರ್ರಗಾಗೋಯ್ತಾ ಅವೆ."

ಸತೀಶ್ ಸ್ಕ್ರೂಡ್ರೈವರ್ ಹಿಡಿದು ಸಿಪಿಯು ಇದ್ದ ಮೇಜಿನ ಕೆಳಗೆ ನುಸುಳಿದ. ಶ್ವೇತಾ ಮೇಡಂ ಬಾಗಿಲಿಗೆ ಬಂದಾಗ ಮನೆಯ ವೈದ್ಯರ ಕಾಲೆರಡು ಮಾತ್ರ ಹೊರಗಿದ್ದವು. ಮೇಡಂ ಚಪ್ಪಲಿಯ ಸದ್ದು ಕೇಳಿದ್ದೇ ಅವನು ಅಲ್ಲೇ ಲೆಕ್ಕ ಹಾಕಿದ. ಆರ್ಡರು ಹೋಯಿತು, ಮಾನ ಹೋಯಿತು, ಪುಟ್ಟಬಸಮ್ಮನ ಟೀವಿಗೆ ದಂಡವೂ ಬಂತು! ಆ ಮುಖ ಹೊತ್ತು ಹೊರಬರುವುದಕ್ಕಿಂತ ಅಲ್ಲೇ ಸಂಸಾರ ಹೂಡುವುದು ವಾಸಿ ಅನ್ನಿಸಿತು. ಅಷ್ಟರಲ್ಲಿ ಮೇಡಂ ದನಿ ಕೇಳಿತು.

"ಸೀರೆ ತೋರಿಸೋಕೆ ಟೀವಿನೇ ಇಟ್ಟಿದ್ದೀರಾ? ಲೈಟೂ ಆರಿಸಿದ್ದೀರಿ. ಎಷ್ಟು ಚೆನ್ನಾಗಿದೆ ಈ ಕಪ್ಪು. ನಾನು ಕೇಳಿದ್ದು ಇದೇ."

ಕುಸುಮ ಟೀವಿಯನ್ನೊಮ್ಮೆ ನೋಡಿದಳು, ಗಂಡನ ಕಾಲುಗಳನ್ನೊಮ್ಮೆ ನೋಡಿದಳು. ಆಮೇಲೆ ಒಂದೇ ಬೆರಳಿನಿಂದ ಮೌಸಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಕತ್ತಲೆ ಮೆಲ್ಲಗೆ ಸಣ್ಣದಾಯಿತು. ಅಂಚಿನ ಜರಿ ಕಂಡಿತು, ನವಿಲಿನ ಕಾಲು ಕಂಡಿತು, ಹಿಂದೆಯೇ ನವಿಲುಗಳ ಹಿಂಡಿಗೆ ಹಿಂಡೇ ಬಂದು ನಿಂತಿತು! ಚಿತ್ರ ಎಷ್ಟು ಹಿಗ್ಗಿತ್ತೆಂದರೆ ಪರದೆಯ ತುಂಬ ಸೀರೆಯ ಕರಿಯ ಒಡಲು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಶೋಕಿಗೆಂದು ಮೆನು ಪಟ್ಟಿಗಳನ್ನು ಮರೆಮಾಡಿ, ಬಾಣದ ಗುರುತನ್ನೂ ಕಪ್ಪು ಮಾಡಿಟ್ಟುಕೊಂಡಿದ್ದವನು ಸತೀಶನೇ.

"ಆ ಸಣ್ಣ ಚಕ್ರುದ್ ತುಂಬ ದೂಳು ಕುಂತಿತ್ತು. ಬೆಳಗ್ಗೆ ಸೆರಗಲ್ಲಿ ತಿರುಗ್ಸಿ ತಿರುಗ್ಸಿ ಒರುಸ್ದೆ, ಅಷ್ಟೇಯ" ಎಂದರು ದೇವೀರಮ್ಮ.

ಸತೀಶ್ ಮೇಜಿಗೆ ತಲೆ ಹೊಡೆಸಿಕೊಂಡು ಹೊರಬಂದ. ಮೊದಲು ಸೇವ್ ಮಾಡಿದ, ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದ. ಕಳೆದುಹೋಗಿದ್ದ ಗತ್ತು ಹಿಂದಿರುಗಿತು. ಒಂದೊಂದೇ ನವಿಲನ್ನು ಬೆರಳಿಟ್ಟು ತೋರಿಸುತ್ತ, ಮರಿಯ ಕೊಕ್ಕಿನ ಹೂವಿಗೆ ಬರುವ ಹೊತ್ತಿಗೆ ಮೇಡಂ ಮುಖ ಪೂರಾ ಬಾಡಿತ್ತು.

"ಇಷ್ಟೊಂದು ನವಿಲು ಯಾರು ಉಟ್ಕೊಳ್ತಾರೆ? ಮೊದಲು ತೋರಿಸಿದ್ರಲ್ಲ, ಬರೀ ಕಪ್ಪು, ಅದೇ ಚೆನ್ನಾಗಿತ್ತು. ಸ್ಟಾಫಿಗೆಲ್ಲ ಅದನ್ನೇ ನೇಯ್ದು ಕೊಡಿ. ಅದನ್ನ ಯಾರು ಮಾಡಿದ್ದು?"

ಸತೀಶ್ ಮಗ್ಗದ ಕಡೆ ನೋಡಿ, ಬಂದ ಮಾತನ್ನು ನುಂಗಿಕೊಂಡ. ಉತ್ತರ ಕೊಟ್ಟವಳು ಕುಸುಮ. "ನಮ್ಮತ್ತೆ."

ಮೇಡಂ ದೇವೀರಮ್ಮನಿಗೆ ಕೈಮುಗಿದು, ಸತೀಶನ ಕಡೆ ತಿರುಗಿದರು.

"ಹಾಗಾದರೆ ಸೀರೆ ಮುಗಿಯೋವರೆಗೂ ಎಲ್ಲ ಅವರೇ ನೋಡ್ಕೊಳ್ಳಲಿ. ನೀವು ದಯವಿಟ್ಟು ಏನೂ ಸೇರಿಸಬೇಡಿ."