ಹಾರೋ ಹಾವಿನ ಪುರಾಣ, ಅತ್ತಿಯವರ ಕಣ್ಣು

ನಮ್ಮ ಮನ್ಯಾಗ ಒಂದು ಪುಸ್ತಕ ತೆರದ್ರ, ಏನರೆ ಫಜೀತಿ ಆಗದ ಅದು ಮುಚ್ಚಂಗಿಲ್ಲ. ಬ್ಯಾರೇ ಮಂದಿ ಕಾದಂಬರಿ ಓದ್ತಾರ, ಛಲೋ ಐತಿ ಇಲ್ಲಾ ಏನೂ ಇಲ್ಲ ಅಂತಾರ, ಕಪಾಟಿನ್ಯಾಗ ಇಡ್ತಾರ. ನಮ್ಮಲ್ಲಿ ಹಂಗಲ್ರಿ. ನಮ್ಮಲ್ಲಿ ಪುಸ್ತಕದಾಗಿನ ರಾಜ ಸತ್ರ ಮನ್ಯಾಗಿನ ಒಲಿ ಹತ್ತಂಗಿಲ್ಲ.

ಪುರಾಣ ಹಚ್ಚಿದ್ದು

ನಾ ಕೊಪ್ಪಳದಾಗ ಪಿಯು ಕಾಲೇಜಿನ್ಯಾಗ ಅರ್ಥಶಾಸ್ತ್ರ ಹೇಳ್ತೀನಿ. ಮನಿ ಗಂಗಾವತಿ. ದಿನಾ ಬಸ್ಸಿನ್ಯಾಗ ಹೋಗಿ ಬರೋ ಹೊತ್ತು ಕಳೀಲಿ ಅಂತ ರಾಜಕುಮಾರಿ, ಮಾಂತ್ರಿಕ, ರೆಕ್ಕಿ ಇರೋ ಹಾವು ಎಲ್ಲಾ ಇರೋ ಒಂದು ಕಾದಂಬರಿ ಹಿಡಿದಿದ್ದೆ. ಎಂಟು ಭಾಗಂತ. ಒಂದರ ಮ್ಯಾಲ ಒಂದು ಇಟ್ಟು ಹತ್ತಿ ನಿಂತ್ರ ಅಟ್ಟದ ಮ್ಯಾಲಿನ ಡಬ್ಬಿ ಇಳಿಸಬಹುದು, ಅಷ್ಟು ದಪ್ಪ.

ನಮ್ಮತ್ತಿಯವ್ರು ಆಗಿನ ಕಾಲದಾಗ ಏಳನೇತ್ತೆ ಮಟ ಸಾಲಿ ಕಲ್ತಾರ. ಓದೋ ಹುಚ್ಚು ಭಾಳ. ಆದ್ರ ಎರಡೂ ಕಣ್ಣಿಗೆ ಪೊರಿ ಬಂದು ಅಕ್ಷರ ಎಲ್ಲಾ ಇರಿವಿ ಸಾಲಿನಂಗ ಕಾಣಾಕತ್ತಿದ್ವು. ಕೊಪ್ಪಳದ ಕಣ್ಣಿನ ಡಾಕ್ಟರು, "ಅಮ್ಮಾರ, ಬಲಗಣ್ಣಿಂದು ಪೂರಾ ಬಲತೈತಿ, ಇನ್ನ ತಡಾ ಮಾಡಿದ್ರ ಕಣ್ಣಿಗೇ ತ್ರಾಸು" ಅಂತ ಖುಲ್ಲಾ ಹೇಳಿದ್ರು. ಇವ್ರು "ಆತ್ರೀ, ಬರ್ತೀನಿ" ಅಂತ ಎದ್ದು ಬಂದಾವ್ರು ಮತ್ತ ಆ ಕಡಿ ಮುಖಾ ಹಾಕ್ಲಿಲ್ಲ. ಒಮ್ಮೆ ಶ್ರಾವಣ, ಒಮ್ಮೆ ಉಪ್ಪಿನಕಾಯಿ ಹಾಕೋದು, ಒಮ್ಮೆ ನೆಗಡಿ. ಒಳಗ ಹೆದರಿಕಿ ಇತ್ತು, ಬಾಯಿಬಿಟ್ಟು ಹೇಳೋರಲ್ಲ.

ಒಂದಿನ ಸಂಜಿಮುಂದ, "ಅದೇನು ಒಬ್ಬಾಕೀನ ಓದ್ತೀಯವಾ, ನನಗೂ ಕೇಳೂಹಂಗ ಓದು" ಅಂದ್ರು. ಓದಿದೆ. ಅದು ನಾ ಮಾಡಿದ ತಪ್ಪು.

ನಮ್ಮ ಕಡಿ ಮಠದಾಗ ಪುರಾಣ ಹಚ್ಚಿದ್ರ, ಅಂದ್ರ ದಿನಾ ಸಂಜಿಗೆ ಓದಿ ಹೇಳಾಕ ಶುರು ಮಾಡಿದ್ರ, ಅದಕ್ಕೊಂದು ರೀತಿ ಐತಿ. ಕತಿಯೊಳಗ ಶರಣರು ಹುಟ್ಟಿದ ದಿನ ಮಠದಾಗ ಖರೇನ ತೊಟ್ಟಿಲು ಕಟ್ಟಿ ಜೋಗುಳ ಹಾಡ್ತಾರ. ಮದುವಿ ಬಂದ ದಿನ ಅಕ್ಕಿಕಾಳು ಹಾಕ್ತಾರ. ಮುಗಿದ ದಿನ ಮಂಗಲ ಅಂತ ಮಾಡಿ ಊಟಾ ಹಾಕ್ತಾರ. ಹಚ್ಚಿದ ಪುರಾಣ ನಡುವ ಬಿಡೂಹಂಗಿಲ್ಲ. ಮೊದಲ್ನೇ ಅಧ್ಯಾಯ ಮುಗಿದ ಕೂಡ್ಲೇ ಅತ್ತಿಯವ್ರು ಕೈ ಮುಗದು, "ಇನ್ನ ಮಂಗಲ ಆದಮ್ಯಾಲನ ಆಪರೇಶನ್ನು" ಅಂತ ಹೇಳಿ ಎದ್ರು.

ನಮ್ಮ ಮನಿಯವ್ರು ನನ್ನ ದಿಟ್ಟಿಸಿ ನೋಡಿದ್ರು. "ನಮ್ಮವ್ವಗ ನೆಪ ಖಾಲಿಯಾಗಿದ್ವು. ನೀ ಎಂಟು ಭಾಗದ ನೆಪ ತಂದುಕೊಟ್ಟಿ" ಅಂದ್ರು.

ನಕಾಶಿ

ಮರುದಿನದಿಂದ ಓಣ್ಯಾಗಿನ ಹೆಣ್ಮಕ್ಕಳು ಸಂಜಿಮುಂದ ನಮ್ಮ ಕಟ್ಟಿಮ್ಯಾಲ ಕೂಡಾಕತ್ರು. ಅವರೊಳಗ ಎದರುಮನಿ ಅಕ್ಕ ಮುಖ್ಯ. ಆಕಿ ತವರುಮನಿ ಯಲಬುರ್ಗಾ ಕಡಿ.

ಇಂಥಾ ಪುಸ್ತಕದಾಗ ಮೊದ್ಲ ಒಂದು ನಕಾಶಿ ಇರ್ತೈತಲ್ರಿ, ಅದನ್ನ ನಾ ಓದಿ ಹೇಳಿದೆ. ತೆಂಕಣ ದಿಕ್ಕಿಗೆ ಹೊಳಿ, ಹಸರು, ರಾಜಕುಮಾರಿ ನಾಡು. ಬಡಗಣಕ್ಕ ಬರಡು ಭೂಮಿ, ಅಲ್ಲಿ ಮಂದಿ ನೆರಳು ಕದಿಯೋ ಮಾಂತ್ರಿಕ ಇರ್ತಾನ.

ಅತ್ತಿಯವ್ರು ಒಂದು ಕ್ಷಣ ವಿಚಾರ ಮಾಡಿ, "ತಿಳೀತು. ಹೊಳಿ ನಾಡು ಅಂದ್ರ ನಮ್ಮ ಗಂಗಾವತಿ, ಆನೆಗೊಂದಿ. ಬಡಗಣಕ್ಕ ಅಂದ್ರ ಯಲಬುರ್ಗಾ, ಕುಷ್ಟಗಿ. ಮುಂದ ಓದು" ಅಂದ್ರು.

ಎದರುಮನಿ ಅಕ್ಕ ಬಿಡ್ತಾಳೇನು? "ನಮ್ಮ ಕಡಿ ನೆರಳು ಕದಿಯೋ ಮಂದಿ ಇಲ್ರೀ ದೊಡ್ಡಮ್ಮ. ಕದಿಯಾಕ ನೆರಳರೆ ಎಲ್ಲೈತ್ರಿ, ಗಿಡಾ ಇದ್ರಲ್ಲೇನು?" ಅಂದ್ಳು.

ಮೇವು

ಮಂದಿ ಇಂಥಾ ಕಾದಂಬರಿ ಓದಿ ಭಾಷಾ ಹೆಂಗೈತಿ, ಕಲ್ಪನಾ ಹೆಂಗೈತಿ ಅಂತ ಅಭಿಪ್ರಾಯ ಹೇಳ್ತಾರ. ನಮ್ಮ ಕಟ್ಟಿಮ್ಯಾಲಿನ ಅಭಿಪ್ರಾಯ ಬ್ಯಾರೇನ. ಆ ಹಾರೋ ಹಾವು ಗುಡ್ಡದಷ್ಟು ದೊಡ್ಡದು ಅಂತ ಬರದಾರ, ಸಾಗರ ದಾಟಿಸ್ಯಾರ, ಯುದ್ಧ ಮಾಡಿಸ್ಯಾರ, ಆದ್ರ ಅದಕ್ಕ ಮೇವು ಏನು ಹಾಕ್ತಾರ ಅಂತ ಒಂದು ಸಾಲು ಬರದಿಲ್ಲ. ಅತ್ತಿಯವರಿಗೆ ಇದು ಹಿಡಿಸ್ಲಿಲ್ಲ. "ಜನಾವರ ಕಟಗೊಂಡಾವ್ರು ಮೊದ್ಲ ಮೇವಿನ ವಿಚಾರ ಮಾಡಬೇಕು" ಅಂದ್ರು.

ನಮ್ಮ ಮನಿಯವ್ರು ರೈಸ್ ಮಿಲ್ಲಿನ್ಯಾಗ ಮ್ಯಾನೇಜರ್ ಅದಾರ. ಮೊಬೈಲ್ ನೋಡಕೋತ ಕುಂತಿದ್ದ ಅವರನ್ನ ಅತ್ತಿಯವ್ರು ಕೇಳಿದ್ರು, "ತಮ್ಮಾ, ಗುಡ್ಡದಷ್ಟು ದೊಡ್ಡ ಜನಾವರಕ್ಕ ದಿನಕ್ಕ ತೌಡು ಎಷ್ಟು ಬೇಕಾಕ್ಕೈತಿ?"

"ಒಂದು ಲಾರಿ ಬೇಕವಾ."

"ನಿಮ್ಮ ಮಿಲ್ಲಿನ್ಯಾಗ ಸಿಗತೈತಿ?"

"ಹೇಳ್ತೀನಿ ತಗೋ" ಅಂದು, ಆಮ್ಯಾಲ ನಿಧಾನಕ ತಲಿ ಎತ್ತಿದ್ರು. "ಯಾರ ಮನಿ ಎಮ್ಮಿಬೇ ಅದು?"

ಅದ ಭಾಗದಾಗ ಮುಪ್ಪಾನ ರಾಜ ಸತ್ತ. ಅವತ್ತು ಅತ್ತಿಯವ್ರು ತಲಿಮ್ಯಾಲ ನೀರು ಹಾಕ್ಕೊಂಡು ಸತ್ತವರ ಮನ್ಯಾಗಿನಂಗ ಕುಂತ್ರು, ನನಗೂ ಒಲಿ ಹಚ್ಚಗೊಡ್ಲಿಲ್ಲ. ಹಸಗೊಂಡು ಬಂದ ನಮ್ಮ ಮನಿಯವರಿಗೆ ಕಾರಣ ತಿಳದು, ಸಿಟ್ಟು ನನ್ನ ಮ್ಯಾಲ ಬಂತು. "ಮುಂದಿನ ಭಾಗದಾಗ ಯಾರ್ಯಾರು ಸಾಯ್ತಾರ ಮೊದ್ಲ ಹೇಳಿಬಿಡು, ಅವತ್ತು ನಾ ಖಾನಾವಳ್ಯಾಗ ಉಂಡು ಬರ್ತೀನಿ" ಅಂದ್ರು.

ಗುಗ್ಗರಿ

ನಾಕನೇ ಭಾಗದಾಗ ಹಳೇ ಕಾಲದ ಒಂದು ಕತಿ ಬರತೈತಿ. ಬಡಗಣ ನಾಡಿನ್ಯಾಗ ಒಬ್ಬ ಅಂಬಿಗಗ ಬಟ್ಟಿ ಸುತ್ತಿದ ಕೂಸು ಸಿಗತೈತಿ. 'ಈ ಕೂಸಿನ ಹೆಸರನ್ನು ಮುಂದೆ ಲೋಕವೆಲ್ಲ ಅರಿಯಿತು' ಅಂತ ಅಧ್ಯಾಯ ಮುಗದಿತ್ತು. ಅಷ್ಟಕ್ಕ ನಿಲ್ಲಿಸಿದ್ದೆ.

ಮರುದಿನ ಕೊಪ್ಪಳದಿಂದ ಬಂದ್ರ ಬಾಗಲಾಗ ಚಪ್ಪಲಿ ರಾಶಿ. ಒಳಗ ತೊಟ್ಟಿಲು ಕಟ್ಯಾರ. ತೊಟ್ಟಿಲಾಗ ರುಬ್ಬೋ ಗುಂಡಕ್ಕ ಕುಂಚಿಗಿ ಕಟ್ಟಿ, ಕಾಡಿಗಿ ಹಚ್ಚಿ ಮಲಗಿಸ್ಯಾರ. ಕೂಸು ಬಡಗಣ ಕಡೀದು ಅಂತ ಎದರುಮನಿ ಅಕ್ಕಗ ಹೆಸರಿಡೋ ಸೋದರತ್ತಿ ಮಾನ. ಪುಸ್ತಕದಾಗಿನ ಹೆಸರು ಯಾರ ಬಾಯಾಗೂ ಹೊಳ್ಳಲಿಲ್ಲ, ಅದಕ್ಕ ಆಕಿ ತನ್ನ ತವರಿನ ದೇವರ ಹೆಸರು ಕರದ್ಳು. ಎಲ್ಲಾರೂ ಪದ್ಧತಿ ಪ್ರಕಾರ ಹೆಸರಿಟ್ಟಾಕಿ ಬೆನ್ನಿಗೆ ಗುದ್ದಿದ್ರು, ಜೋಗುಳ ಹಾಡಿದ್ರು, ಕುದಿಸಿದ ಕಾಳಿನ ಗುಗ್ಗರಿ ಹಂಚಿದ್ರು. ನನಗೂ ಒಂದು ಮುಷ್ಟಿ ಕೊಟ್ಟು, "ಈಗ ಓದವಾ" ಅಂದ್ರು.

ಓದಿದೆ. ಆ ಕೂಸ ಮುಂದ ಬೆಳದು ನೆರಳು ಕದಿಯೋ ಮಾಂತ್ರಿಕ ಆಕ್ಕೈತಿ.

ಅತ್ತಿಯವ್ರು ತೊಟ್ಟಿಲಾಗಿನ ಗುಂಡು ನೋಡಿದ್ರು, ಅಕ್ಕನ್ನ ನೋಡಿದ್ರು. ಅಕ್ಕ ಸೆರಗು ಸರಿ ಮಾಡಿಕೊಂಡು, "ಆಗ್ಲಿ ಬಿಡ್ರಿ ದೊಡ್ಡಮ್ಮ. ಹೆಸರಿಟ್ಟ ಗುಗ್ಗರಿ ತಿಂದೀವಿ, ಇನ್ನ ಅವ ನಮ್ಮ ಹುಡುಗನ" ಅಂದ್ಳು.

ಜೋತಾಡೂ ಹುಡುಗಿ

ಏಳನೇ ಭಾಗ ಮುಗೀತು. ಹೆಂಗ ಮುಗೀತು ಅಂದ್ರ, ಕೆಳಗ ಬೆಂಕಿ ಸಾಗರ, ಮ್ಯಾಲ ಹಾವು, ಹಾವಿನ ಬಾಲಾ ಒಂದ ಕೈಲೆ ಹಿಡಕೊಂಡು ರಾಜಕುಮಾರಿ ಜೋತಾಡಾಕತ್ತಾಳ. ಅಷ್ಟಕ್ಕ ಸಮಾಪ್ತಿ.

ಎಂಟನೇ ಭಾಗ ತರಾಕಂತ ಕೊಪ್ಪಳದಾಗ ಪುಸ್ತಕದ ಅಂಗಡಿಗೆ ಹೋದೆ. ಅಂಗಡಿಯಾವ್ರು, "ಮೇಡಂ, ಅದು ಇನ್ನ ಬಂದಿಲ್ರಿ" ಅಂದ್ರು.

"ಯಾವಾಗ ಬರತೈತ್ರಿ?"

"ಬರದಮ್ಯಾಲ ಬರತೈತ್ರಿ. ಬರಿಯಾವ್ರು ಇನ್ನ ಬರದಿಲ್ಲಂತ."

ಮನಿಗೆ ಬಂದು ಹೇಳಿದೆ. "ಅತ್ತೀ, ಆಪರೇಶನ್ ಮುಗಿಸಿಕೊಂಡು ಬರೂಣ ನಡೀರಿ, ಅಷ್ಟ್ರಾಗ ಬರ್ತೈತಿ" ಅಂದೆ. ಅವ್ರು ಸುತಾರಾಂ ಒಪ್ಪಲಿಲ್ಲ. "ಹುಡುಗಿ ಅಲ್ಲಿ ಜೋತಾಡಾಕತ್ತಾಳ, ನಾ ಕಣ್ಣು ಕಟಗೊಂಡು ಆರಾಮ ಮಲಗಲೇನು?" ಅಂದ್ರು. ಹಂಗಂದು ಎದ್ದಾವ್ರು ಹೊಸ್ತಿಲಾ ಕಾಣದ ಎಡವಿದ್ರು. ನಮ್ಮ ಮನಿಯವ್ರು ಓಡಿಬಂದು ಹಿಡದ್ರು. ಇಷ್ಟು ದಿನ ನಕ್ಕದ್ದೆಲ್ಲಾ ಖರೆ, ಆದ್ರ ಈ ಕತಿ ಸಲುವಾಗಿ ಅವರ ಕಣ್ಣು ಹೋದ್ರ ಯಾರಿಗೆ ಮುಖಾ ತೋರಸೋದು?

ನಮ್ಮ ಮನಿಯವ್ರು ನನ್ನ ಒಳಗ ಕರದು ಸಣ್ಣ ದನಿಲೆ, "ಆ ಹುಡುಗಿನ್ನ ಮೊದ್ಲ ಕೆಳಗಿಳಸು. ಹೆಂಗರೆ ಇಳಸು. ಬೇಕಂದ್ರ ಮಿಲ್ಲಿಂದ ನಿಚ್ಚಣಿಕಿ ತರ್ತೀನಿ" ಅಂದ್ರು.

ಮಂಗಲ

ಮರುದಿನ ನಾ ಎಂಟನೇ ಭಾಗ ತಂದೆ. ಅಂದ್ರ, ನನ್ನ ಪಿಯು ಮೊದಲ್ನೇ ವರ್ಷದ ಅರ್ಥಶಾಸ್ತ್ರದ ಪುಸ್ತಕಕ್ಕ ಪೇಪರ್ ರಟ್ಟು ಹಾಕಿ ತಂದೆ. ಕಣ್ಣು ಬೇಡಿಕಿ ರೇಖಿಮ್ಯಾಲ, ಬಾಯಾಗ ಬೆಂಕಿ ಸಾಗರ. ಹಾವನ್ನ ಕೆಳಗ ಇಳಸೋ ಗದ್ದಲದಾಗ ಒಮ್ಮೆ ದಾರಿ ತಪ್ಪಿ, "ಆಗ ರಾಜಕುಮಾರಿ ಗಟ್ಟಿಯಾಗಿ ಕೂಗಿದಳು: ಬೆಲೆ ಏರಿದಾಗ ಬೇಡಿಕೆ ಕುಗ್ಗುತ್ತದೆ" ಅಂತ ಓದಿಬಿಟ್ಟೆ. ಸಿಕ್ಕಿಬಿದ್ದೆ ಅಂತ ಪುಸ್ತಕ ಮುಚ್ಚಾಕ ಹೋದೆ. ಅತ್ತಿಯವ್ರು ಮಾತ್ರ, "ಮಂತ್ರ ಇರಬೇಕು" ಅಂದ್ರು. ಎಲ್ಲಾರೂ ಕೈ ಮುಗದ್ರು.

ಆಮ್ಯಾಲ ಒಬ್ಬೊಬ್ಬರದು ಒಂದೊಂದು ತಗಾದಿ. ಹಾವಿಗೆ ಮೇವು ಆಗಬೇಕು ಅಂತ ಅತ್ತಿಯವ್ರು. ತನ್ನ ಹುಡುಗನ್ನ ಕೊಲ್ಲಬಾರದು ಅಂತ ಎದರುಮನಿ ಅಕ್ಕ, ಅದೂ ನಾ ಕಾಲೇಜಿಗೆ ಹೊಂಟಾಗ ಬಸ್‌ಸ್ಟ್ಯಾಂಡ್ ಮಟ ಬಂದು. ಹಾವಿಗೆ ಭತ್ತದ ಹುಲ್ಲು, ತೌಡು ಎರಡೂ ಹಾಕಿಸಿದೆ. ಹುಡುಗಿನ್ನ ಸುಖರೂಪ ಇಳಿಸಿದೆ. ಮಾಂತ್ರಿಕ ಕದ್ದ ನೆರಳೆಲ್ಲಾ ತಿರುಗಿ ಕೊಟ್ಟ; ಒಂದೊಂದು ನೆರಳು ಬಿದ್ದಲ್ಲೆ ಒಂದೊಂದು ಗಿಡಾ ಎದ್ದು ಬರಡು ನಾಡೆಲ್ಲಾ ತಂಪಾತು. ಅಕ್ಕ ಕಣ್ಣು ಒರಸಿಕೊಂಡ್ಳು. ಮಂಗಲ ಆತು, ಹೋಳಿಗಿ ಊಟಾ ಆತು.

ಆಸ್ಪತ್ರ್ಯಾಗ ಆಪರೇಶನ್ ಖೋಲಿ ಬಾಗಲಾಗ ಅತ್ತಿಯವ್ರು ನನ್ನ ಕೈ ಗಟ್ಟಿ ಹಿಡದ್ರು. "ಹೆದರಿಕಿ ಆಗತೈತವಾ" ಅಂದ್ರು. ಇಷ್ಟು ವರ್ಷದಾಗ ಅವರ ಬಾಯಿಲೆ ಆ ಮಾತು ನಾ ಕೇಳಿದ್ದಿಲ್ಲ.

"ಬಾಲಾ ಹಿಡಕೊಂಡು ಜೋತಾಡಿದಾಕೀನ ಇಳದು ಬಂದ್ಲಲ್ರಿ ಅತ್ತಿ" ಅಂದೆ. ಕೈ ಬಿಟ್ಟು ಒಳಗ ಹೋದ್ರು.

ಮುಗಿಸಿಕೊಂಡು ಹೊರಗ ಬಂದ ಡಾಕ್ಟರು, "ಛಲೋ ಆಗೈತ್ರಿ. ಆದ್ರ ನಮ್ಮ ನರ್ಸಿಗೆ ಅರ್ಧಾ ಕತಿ ಹೇಳ್ಯಾರ. ಉಳದದ್ದು ಕೇಳಾಕ ಆಕಿ ನಿಮ್ಮ ಮನಿಗೆ ಬರ್ತಾಳಂತ" ಅಂದ್ರು.

ಖೊಟ್ಟಿ ಪುಸ್ತಕ

ಕೆಲವು ತಿಂಗಳಾದ ಮ್ಯಾಲ ಖರೇ ಎಂಟನೇ ಭಾಗ ಬಂತು. ನಾ ತಂದು, ಒಬ್ಬಾಕೀನ ಓದಿ ಬಚ್ಚಿಟ್ಟಿದ್ದೆ. ಆದ್ರ ಅತ್ತಿಯವರ ಬಲಗಣ್ಣು ಈಗ ಹದ್ದಿನ ಕಣ್ಣಾಗಿತ್ತು. ಒಂದಿನ ಕಾಲೇಜಿಂದ ಬಂದ್ರ, ಕಟ್ಟಿಮ್ಯಾಲ ಓಣಿ ಹೆಣ್ಮಕ್ಕಳೆಲ್ಲಾ ಕೂಡ್ಯಾರ, ನಡುವ ಅತ್ತಿಯವ್ರು ಚಾಳೀಸು ಹಾಕ್ಕೊಂಡು ಪುಸ್ತಕ ಹಿಡದು ಕುಂತಾರ. ಆ ಭಾಗದಾಗ ರಾಜಕುಮಾರಿ ಬೆಂಕ್ಯಾಗ ಬೀಳ್ತಾಳ, ಹಾವು ಸಾಯತೈತಿ, ಮಾಂತ್ರಿಕ ಗೆದ್ದು ಸಿಂಹಾಸನ ಏರ್ತಾನ.

ಅತ್ತಿಯವ್ರು ಪುಸ್ತಕ ಮುಚ್ಚಿ, "ಇದು ಖೊಟ್ಟಿ ಐತಿ" ಅಂತ ತೀರ್ಪು ಕೊಟ್ರು. "ಯಾವನೋ ನಕಲಿ ಮಾಡಿ ಮಾರಾಕತ್ತಾನ. ಅಸಲಿ ಕತಿ ನಾವೆಲ್ಲಾ ಕಿವ್ಯಾರೆ ಕೇಳಿಲ್ಲೇನು?"

"ಒಂದು ಗಿಡಾ ಸೈತ ಹಚ್ಚಿಲ್ಲ" ಅಂತ ಎದರುಮನಿ ಅಕ್ಕ ದನಿಗೂಡಿಸಿದ್ಳು.

"ಹೌದ್ರೀ, ನಾಳೆ ಅಂಗಡಿಗೆ ವಾಪಸ್ ಕೊಡ್ತೀನ್ರಿ" ಅಂದು ನಾ ಒಳಗ ಜಾರಿದೆ. ಬದುಕಿದೆ ಅಂದುಕೊಂಡೆ.

ಹೆಣ್ಮಕ್ಕಳು ಹೋದ ಮ್ಯಾಲ ಅತ್ತಿಯವ್ರು ನನ್ನ ಖೋಲಿಗೆ ಬಂದ್ರು. ಸೀದಾ ಕಪಾಟಿಗೆ ಹೋಗಿ ಪೇಪರ್ ರಟ್ಟಿನ ಅರ್ಥಶಾಸ್ತ್ರ ತಗದು ನನ್ನ ಮುಂದ ಇಟ್ರು. "ಕಣ್ಣಿನ ಪಟ್ಟಿ ಬಿಚ್ಚಿದ ಮ್ಯಾಲ ನಾ ಮೊದ್ಲ ಓದಿದ್ದು ಇದನ್ನ. ರಾಜಕುಮಾರಿ ಎಲ್ಲೂ ಸಿಗಲಿಲ್ಲ. ಮಂತ್ರ ಮಾತ್ರ ಸಿಕ್ತು."

ನನಗ ನೆಲಾ ಬಾಯಿ ಬಿಡಬಾರದೇನು ಅನಸ್ತು. "ಮತ್ತ ಇಷ್ಟು ದಿನ ಯಾಕ ಸುಮ್ನಿದ್ರಿ ಅತ್ತಿ?"

"ಬರದಾವ್ರಕಿಂತ ನೀನ ಛಲೋ ಹೇಳಿದ್ದೆವಾ, ಅದಕ್ಕ" ಅಂದು ಪಕ್ಕದಾಗ ಕುಂತ್ರು. "ಎಡಗಣ್ಣಿಂದೂ ಬಲತೈತಂತ. ಡಾಕ್ಟರು ಬಾ ಅಂದಾರ. ನನಗ ಮತ್ತ ಹೆದರಿಕಿ ಐತಿ." ಹಂಗಂದು ಮತ್ತ ಎದ್ದು, ಕಪಾಟಿನ್ಯಾಗ ಬೆರಳಾಡಿಸಿ ಇನ್ನೊಂದು ಪುಸ್ತಕ ಎಳದು ನನ್ನ ಕೈಯಾಗಿಟ್ರು.

"ಪಿಯು ಮೊದಲ್ನೇ ವರ್ಷದ್ದು ಮುಗೀತು. ಇದು ಎರಡ್ನೇ ವರ್ಷದ್ದು. ರಟ್ಟು ಹಾಕು, ನಾಳೆ ಸಂಜಿಗೆ ಹಚ್ಚೂಣು."