ನಾನು ಅಂಟಿಸಿದ ಲೇಬಲ್

ಮನುಷ್ಯರಿಗೆ ಯಾವುದಾದರೂ ಒಂದು ಜಂಬ ಇರಲೇಬೇಕು. ನನಗೆ ನನ್ನ ಅಕ್ಷರದ ಜಂಬ. ಕಾನ್ವೆಂಟಿನಲ್ಲಿ ಕರ್ಸಿವ್ ಕಲಿಸಿದ ಸಿಸ್ಟರ್, ಅಕ್ಷರದ ಬಾಲ ಸೊಟ್ಟಗಾದರೆ ಬೆರಳಿಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದರು. ಅಷ್ಟು ಕಷ್ಟಪಟ್ಟು ಕಲಿತದ್ದರಲ್ಲಿ ಈಗ ಯಾರಿಗಾದರೂ ಕಾಗದ ಬರೆಯೋಣವೆಂದರೆ, ಎಲ್ಲರೂ ಫೋನಿನಲ್ಲೇ ಹೆಬ್ಬೆರಳು ಎತ್ತಿ ತೋರಿಸಿ ಮುಗಿಸುತ್ತಾರೆ. ಹಾಗಾಗಿ ಬಟವಾಡಿ ಬಡಾವಣೆಯ ನಮ್ಮ ಅಡುಗೆಮನೆಯ ಡಬ್ಬಿಗಳೇ ಈಗ ನನ್ನ ಓದುಗರು. ಅಂಗಡಿಯಿಂದ ಏನೇ ಬರಲಿ, ಅದರ ಬಣ್ಣಬಣ್ಣದ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ನೀಲಿ ಇಂಕಿನಲ್ಲಿ ಹೆಸರು ಬರೆಯುತ್ತೇನೆ. ಶೆಲ್ಫು ಡೀಸೆಂಟಾಗಿ ಕಾಣಬೇಡವೇ?

ಹೋದ ತಿಂಗಳು ಕುಣಿಗಲ್‌ನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಾ, "ಶುಗರ್‌ಗೆ ಒಂದು ಗಿಡಮೂಲಿಕೆ ಪುಡಿ ಬಂದೈತೆ ಕಣ್ರೀ, ಪೂರ್ತಿ ನ್ಯಾಚುರಲ್ಲು" ಎಂದರು. ಫ್ರಾಂಕ್ಲಿ ಹೇಳುತ್ತೇನೆ, ಆ ಎರಡನೇ ಹೋಳಿಗೆಯೇ ನನಗೆ ಸರ್ಟಿಫಿಕೇಟಾಯಿತು. ಎರಡು ಡಬ್ಬಿ ಕೊಂಡೆ. ಎರಡಕ್ಕೂ ಕಾಗದ ಅಂಟಿಸಿ ‘ನ್ಯಾಚುರಲ್ ಪೌಡರ್’ ಎಂದು ಬರೆದು, ಒಂದನ್ನು ಗುಬ್ಬಿಯಲ್ಲಿರುವ ನಾದಿನಿ ಗಿರಿಜಾಳಿಗೆ ಕಳಿಸಿದೆ. ಅವಳಿಗೂ ಶುಗರ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಂಥದ್ದಕ್ಕೆಲ್ಲ ನನ್ನನ್ನೇ ನಂಬಿದ್ದಾಳೆ ಎಂಬುದು ನನ್ನ ನಂಬಿಕೆ.

ಎರಡು ವಾರ ಕಳೆದಿರಬೇಕು. ಹುರುಳಿಕಾಯಿ ಹೆಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ ಬೆವರು, ಕೈನಡುಕ. ಮನೆಯೇ ಗಿರ್ರೆಂದು ತಿರುಗಿತು. ಎದುರು ಮನೆಯವರು ಆಟೋ ಹತ್ತಿಸಿ ಕ್ಲಿನಿಕ್ಕಿಗೆ ಸೇರಿಸಿದರು. ಶುಗರ್ ಪಾತಾಳಕ್ಕಿಳಿದಿತ್ತಂತೆ. ಗ್ಲೂಕೋಸ್ ಕೊಟ್ಟು ನಾನು ಸುಧಾರಿಸಿಕೊಂಡ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ವಿಚಾರಣೆ ಶುರು ಮಾಡಿದರು.

"ಆಂಟಿ, ಮಾತ್ರೆ ಜೊತೆ ಬೇರೆ ಏನಾದ್ರೂ ತಗೋತಿದೀರಾ?"

"ಔಷಧಿ ಏನೂ ಇಲ್ಲಮ್ಮ. ಒಂದು ನ್ಯಾಚುರಲ್ ಪುಡಿ, ಅಷ್ಟೇ."

"ಉಮ್ಮತ್ತಿ ಕಾಯಿನೂ ನ್ಯಾಚುರಲ್ಲೇ ಆಂಟಿ. ಅದ್ರಲ್ಲಿ ಏನೇನಿದೆ?"

ಗೊತ್ತಿದ್ದರಲ್ಲವೇ ಹೇಳುವುದು! ಮನೆಗೆ ಬಂದು ಡಬ್ಬಿಯನ್ನು ಬಿಸಿನೀರಿಗೆ ಹಿಡಿದು, ನನ್ನ ಕಾಗದವನ್ನು ನಾನೇ ಕಿತ್ತೆ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು: ದಿನಕ್ಕೆ ಅರ್ಧ ಚಮಚ, ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಬಳಸಬಾರದು. ನಾನು ದಿನಕ್ಕೆ ಎರಡು ಚಮಚ ಹಾಕುತ್ತಿದ್ದೆ, ಅದೂ ತುಂಬಿ ತುಳುಕುವಂತೆ.

ತಕ್ಷಣ ನೆನಪಾದಳು, ಗಿರಿಜಾ! ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಅವಳು ತಲೆಸುತ್ತಿ ಬಿದ್ದರೆ ನೋಡುವವರು ಯಾರು? ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದಳು.

"ಆ ಪುಡಿ ಮುಟ್ಟಬೇಡ ಕಣೇ!" ಎಂದು ಕಿರುಚಿ, ಕಥೆಯನ್ನೆಲ್ಲ ಹೇಳಿದೆ.

"ಅಯ್ಯೋ, ನಾನೆಲ್ಲಿ ತಗೊಂಡೆ ಅತ್ತಿಗೆ? ಬಂದ ದಿನಾನೇ ಮೆಡಿಕಲ್ ಸ್ಟೋರಲ್ಲಿ ತೋರಿಸ್ದೆ. ‘ಒಳಗೇನೈತೆ ಅಂತಾನೇ ಬರ್ದಿಲ್ವಲ್ಲಮ್ಮ, ಎತ್ತಿಡಿ’ ಅಂದ್ರು. ಎತ್ತಿಟ್ಟೆ."

"ಮತ್ತೆ ಹೋದ ವಾರ ಗುಣ ಕಾಣ್ತಿದೆ ಅಂದ್ಯಲ್ಲೇ?"

"ನಿಮಗೆ ಬೇಜಾರಾಗ್ಬಾರ್ದು ಅಂತ ಅಂದೆ."

ಅವಳು ಕ್ಷೇಮವಾಗಿದ್ದಾಳೆಂದು ದೇವರಿಗೆ ಕೈಮುಗಿದೆ. ಮುಗಿದ ಕೈ ಇಳಿಸುವಷ್ಟರಲ್ಲಿ ಒಂದು ಅನುಮಾನ ಬಂತು.

"ಹಾಗಾದ್ರೆ ಹೋದ ವರ್ಷ ಕೊಟ್ಟಿದ್ದೆನಲ್ಲ, ಮಂಡಿನೋವಿನ ಎಣ್ಣೆ?"

"ಅದನ್ನ ಬಾಗಿಲ ಕೀಲಿಗೆ ಬಿಡ್ತಾ ಇದೀವಿ ಅತ್ತಿಗೆ. ಈಗ ಒಂಚೂರೂ ಕಿರ್ ಅನ್ನಲ್ಲ!"

ಒಳ್ಳೆಯದೇ ಆಯಿತು ಎಂದು ಫೋನಿಟ್ಟು, ಕುರ್ಚಿಯಿಂದ ಎದ್ದೆ. ಅದೇ ಎಣ್ಣೆಯನ್ನು ವರ್ಷವಿಡೀ ಶ್ರದ್ಧೆಯಿಂದ ತಿಕ್ಕಿಸಿಕೊಂಡಿರುವ ನನ್ನ ಮಂಡಿ ಎರಡೂ ಕಿರ್ ಎಂದವು.