ಗೌಜಲ ಹಕ್ಕಿಯ ನಾಯಿಗೆ ಗುರು ಹುಡುಕಿದ್ದು

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಹೊರಡುವುದೇ ಕಷ್ಟ. ದಾರಿ ಕೇಳಿದವರಿಗೆ ನಾನೇ ನೋಡದ ಓಣಿಗೂ ದಾರಿ ತೋರಿಸಿದ್ದೇನೆ. ಅವರು ಮುಟ್ಟಿದರೋ ಇಲ್ಲವೋ ದೇವರೇ ಬಲ್ಲ. ಈ ಚಟವೇ ನನ್ನನ್ನು ಒಂದು ನಾಯಿಯ ಕೊರಳಿಗೆ ಕಟ್ಟಿತು. ಆಗ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಹಂಗಾಮಿ ಗುಮಾಸ್ತ. ನಮ್ಮ ಮ್ಯಾನೇಜರು ಮೈಸೂರು ಕಡೆಯವರು, ಶಿಕಾರಿ ಹುಚ್ಚಿನವರು. ಪೊದೆಗಳಲ್ಲಿ ಅಡಗುವ ಗೌಜಲ ಹಕ್ಕಿಯ ಬೇಟೆಗೆಂದು ಡ್ಯೂಕ್ ಎಂಬ ಜಾತಿನಾಯಿ ತರಿಸಿದ್ದರು. ಅದನ್ನು ಪಳಗಿಸುವವರು ಈ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಕಚೇರಿಯವರೆಲ್ಲ ತಲೆ ತಗ್ಗಿಸಿದರು. ನಾನೊಬ್ಬ ಎದ್ದು, ನನಗೆ ಗೊತ್ತು ಸಾರ್ ಎಂದೆ. ಅವರು ಎರಡು ತಿಂಗಳ ಮಟ್ಟಿಗೆ ಬೊಂಬಾಯಿಗೆ ಹೊರಟಿದ್ದರು. ಬರುವಷ್ಟರಲ್ಲಿ ನಾಯಿ ತಯಾರಾದರೆ ನನ್ನನ್ನು ಕಾಯಂ ಮಾಡುತ್ತೇನೆ ಎಂದರು. ಆಗದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮದೋ, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯಬೇಕಾದ ಲಿಂಗಾಯತರ ಮನೆ. ಅವ್ವನಿಗೆ ಬೇಟೆಯ ಮಾತು ಮುಚ್ಚಿಟ್ಟು, ಸಾಹೇಬರ ನಾಯಿಯನ್ನು ಕೆಲದಿನ ನೋಡಿಕೊಳ್ಳಬೇಕು ಎಂದಷ್ಟೇ ಹೇಳಿದೆ. ಅವಳು ಡ್ಯೂಕನ್ನು ಡೂಕಪ್ಪ ಮಾಡಿ, ರೊಟ್ಟಿ ಹಾಲು ಕಲಸಿ ಹಾಕಿದಳು. ನಾನು ಗುರುವನ್ನು ಹುಡುಕಿ ಹೊರಟೆ. ಮಲೆಬೆನ್ನೂರಿನಲ್ಲಿ ಸಿಕ್ಕವನು, ತನ್ನ ನಾಯಿಗಳು ಹಂದಿ ಹಿಡಿಯುತ್ತವೆ, ಹಕ್ಕಿ ಸಿಕ್ಕರೆ ಪುಕ್ಕ ಸಹಿತ ನುಂಗುತ್ತವೆ ಎಂದ. ಮೂರು ವಾರ ಹೀಗೇ ಹೋಯಿತು. ಕೊನೆಗೆ ಹರಿಹರದ ಹೊಳೆದಂಡೆಯಲ್ಲಿ ಬರಮಪ್ಪ ಎಂಬ ಮುದುಕ ಸಿಕ್ಕ. ಬಲೆ ಹಾಕಿ ಗೌಜಲ ಹಕ್ಕಿ ಹಿಡಿಯುತ್ತಲೇ ವಯಸ್ಸು ಕಳೆದವನು.

ನಾಯಿಯನ್ನು ಅವನಲ್ಲಿ ಬಿಟ್ಟು ಬರುವುದು ನನ್ನ ಯೋಚನೆ. ಅವನು ಒಪ್ಪಲಿಲ್ಲ. ಗೌಜಲ ಪುಕ್ಕ ತುಂಬಿದ ಒಂದು ಕೆಂಪು ಬಟ್ಟೆಯ ಗಂಟು ಕೈಗಿಟ್ಟ. ಇದನ್ನು ದಿನಾ ಮನೆಯಲ್ಲಿ ಬಚ್ಚಿಡಬೇಕು. ನಾಯಿ ವಾಸನೆ ಹಿಡಿದು, ಮುಂಗಾಲೊಂದನ್ನು ಎತ್ತಿ, ಬಾಲ ನೆಟ್ಟಗೆ ಮಾಡಿ ಅಲ್ಲಾಡದೆ ನಿಲ್ಲಬೇಕು. ಹಕ್ಕಿ ಎಲ್ಲಿದೆಯೆಂದು ಅದು ಬೇಟೆಗಾರನಿಗೆ ತೋರಿಸುವುದೇ ಹಾಗೆ. ಭಾನುವಾರಕ್ಕೊಮ್ಮೆ ಕರೆತಂದು ತೋರಿಸಬೇಕು. "ನಾಯಿಗೆ ನೀವು ಕಲಿಸ್ರಿ. ನಿಮಗೆ ನಾನು ಕಲಿಸ್ತೀನಿ. ನಿಮಗೇ ಸ್ವಲ್ಪ ತಡ ಆಗತೈತೆ" ಎಂದ.

ಪ್ರತಿ ಭಾನುವಾರ ಹರಿಹರಕ್ಕೆ ಯಾಕೆ ಎಂದು ಅವ್ವ ಕೇಳದಿರುತ್ತಾಳೆಯೇ? ಅಲ್ಲಿಂದ ಉಕ್ಕಡಗಾತ್ರಿಯ ಗುಡಿಗೆ ಹೋಗಿ ಅಜ್ಜಯ್ಯನಿಗೆ ನಡೆದುಕೊಳ್ಳುತ್ತಿದ್ದೇನೆ, ನಾಯಿಗೂ ಒಂದಿಷ್ಟು ಪುಣ್ಯ ಬರಲಿ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮಗನ ಭಕ್ತಿಯನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ವಾರವಾರವೂ ಅಜ್ಜಯ್ಯನಿಗೆಂದು ಅವಳು ಕೊಟ್ಟ ತೆಂಗಿನಕಾಯಿಯನ್ನು ಬರಮಪ್ಪ ಚಟ್ನಿ ಅರೆಸಿ ತಿಂದ. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಕಾಯಂ ನೌಕರಿ ಅದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ನಾಯಿ ಮಾತ್ರ ಕಲಿಯಲೊಲ್ಲದು. ಅವ್ವನ ಕಣ್ಣಿಗೆ ಬೀಳಬಾರದೆಂದು ಗಂಟನ್ನು ನಾನು ಅಟ್ಟದ ಮೇಲಿನ ಮೆಣಸಿನಕಾಯಿ ಚೀಲದಲ್ಲಿ ಹುದುಗಿಸುತ್ತಿದ್ದೆ. ಡ್ಯೂಕ್ ಮೂಗೆತ್ತಿ ನಾಲ್ಕು ಸಲ ಸೀನಿ, ಹೋಗಿ ಮಲಗುತ್ತಿತ್ತು. ತಪ್ಪು ಯಾರದೆಂದು ನನಗೆ ಹೊಳೆಯಲೇ ಇಲ್ಲ. ನಾಯಿಯನ್ನು ದಡ್ಡ ಎಂದು ಬೈದೆ. ಮ್ಯಾನೇಜರು ಬರಲು ನಾಲ್ಕೇ ದಿನ ಉಳಿದಿತ್ತು. ಆ ಸಂಜೆ ಗಿರಣಿಯಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಶ್ರಾವಣ ಸೋಮವಾರವೆಂದು ಅಟ್ಟ ಗುಡಿಸಿದ ಅವ್ವನಿಗೆ ಗಂಟು ಸಿಕ್ಕಿತ್ತು. ಅಜ್ಜಯ್ಯನ ಪ್ರಸಾದವನ್ನು ಮೆಣಸಿನಕಾಯಿಯಲ್ಲಿ ಇಡುತ್ತಾರೆಯೇ ಎಂದು ಬೈದು, ಅದನ್ನು ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿ, ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಕೆಳಗೆ ಡ್ಯೂಕ್ ಮುಂಗಾಲೆತ್ತಿ, ಬಾಲ ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ನಿಂತಿತ್ತು.

ನಿಜ ಹೇಳಲು ಆಗಲೂ ಹೊತ್ತಿತ್ತು. ಹೇಳಲಿಲ್ಲ. ಓಣಿಯ ಹೆಂಗಸರು ಬಂದು ನಾಯಿಯ ಭಕ್ತಿ ನೋಡಿ ಕೈಮುಗಿದರು. ಗಂಟನ್ನು ಎತ್ತಿಕೊಳ್ಳಲು ಎರಡು ಸಲ ಜಗಲಿಯ ಹತ್ತಿರ ಹೋದೆ. ಎರಡು ಸಲವೂ ಅವ್ವ, ಸ್ನಾನ ಮಾಡದೆ ಮುಟ್ಟಬೇಡ ಎಂದಳು. ಮೂರನೆಯ ಸಲ ಸ್ನಾನ ಮಾಡಿಯೇ ಬಂದೆ. ಅಷ್ಟರಲ್ಲಿ ಮನೆಯ ಮುಂದೆ ಜೀಪು ನಿಂತಿತು. ಮ್ಯಾನೇಜರು ನಾಲ್ಕು ದಿನ ಮೊದಲೇ ಬಂದಿದ್ದರು.

ಅವ್ವ ಮಂಡಕ್ಕಿ ತಟ್ಟೆ ಹಿಡಿದು ನಿಂತಿದ್ದಳು. ಮ್ಯಾನೇಜರು ಒಳಗೆ ಬಂದವರೇ ನಾಯಿಯನ್ನು ನೋಡಿ ಉಸಿರು ಬಿಗಿಹಿಡಿದರು. ನಾನು ಕೈಸನ್ನೆ ಮಾಡಿದೆ, ಕೆಮ್ಮಿದೆ. ಅವರು ನನ್ನ ಬೆನ್ನು ತಟ್ಟಿ, "ಸೊಗಸಾಗಿ ಕಲಿಸಿದ್ದೀರಿ. ಗೌಜಲ ಪುಕ್ಕ ಆ ಕೆಂಪು ಗಂಟಿನಲ್ಲಿದೆ ಅಲ್ಲವೆ?" ಎಂದರು.

ಅವ್ವ ತಟ್ಟೆ ಕೆಳಗಿಟ್ಟಳು. ಗಂಟು ಬಿಚ್ಚಿದಳು. ಬೂದು ಪುಕ್ಕಗಳು ಲಿಂಗದ ಮುಂದೆ ಉದುರಿದವು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಮ್ಯಾನೇಜರ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಸಾಹೇಬ್ರ, ಈ ನಾಯಿ ಇಲ್ಲೇ ಬಿಟ್ಟು ಹೋಗ್ರಿ. ಇರೋದನ್ನ ಇದ್ದಂಗ ತೋರಿಸ್ತೈತೆ. ನಮ್ಮ ಮನ್ಯಾಗ ಅಂಥೋರು ಒಬ್ರಾದ್ರೂ ಬೇಕು."

ಅವರು ತಮಾಷೆಯೆಂದು ನಕ್ಕು, ನಾಯಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಮಾತು ಉಳಿಸಿಕೊಂಡರು ಕೂಡ. ವಾರದೊಳಗೆ ಕಾಯಂ ಆರ್ಡರು ಬಂತು. ಅದರಲ್ಲಿ ನನ್ನ ಹೆಸರಿನ ಮುಂದೆ ಅವರೇ ಸ್ವಂತ ಕೈಯಿಂದ, ನಂಬಿಕಸ್ಥ ಮನುಷ್ಯ ಎಂದು ಬರೆದಿದ್ದರು. ಅವ್ವನಿಗೆ ಓದಲು ಬರುವುದಿಲ್ಲ. ಕಾಗದದಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದಳು. ಜೀವಮಾನದಲ್ಲಿ ಮೊದಲ ಸಲ, ಗೊತ್ತಿಲ್ಲ ಎಂದೆ.